ಬೆಂಕಿಹಾವಿನ ಗೋತ್ರ

ನಾನು ಒಂದೇ ಒಂದು ಮಾತು ಹೇಳಬೇಕಾಗಿತ್ತು. ನನ್ನ ಮಗಳು ಒಬ್ಬ ಹುಡುಗನನ್ನು ಮೆಚ್ಚಿದ್ದಾಳೆ, ಅವನದೂ ನಮ್ಮದೂ ಒಂದೇ ಗೋತ್ರ. ಇಷ್ಟನ್ನು ನನ್ನ ಅವ್ವನ ಮುಂದೆ ಹೇಳುವ ಧೈರ್ಯವಾಗದೆ ನಾನು ಒಂದು ರಾಜವಂಶವನ್ನೇ ಹುಟ್ಟಿಸಿದೆ, ಒಂದು ಪ್ರಳಯ ಮಾಡಿಸಿದೆ, ಒಂದು ಸಮುದ್ರ ತೋಡಿಸಿದೆ.

ಅದಕ್ಕೆ ಬೇಕಾದ ಸಾಮಾನು ಮನೆಯಲ್ಲೇ ಇತ್ತು. ಪುಣೆಯ ಚಿಂಚವಾಡದ ಕಾರ್ಖಾನೆಯೊಂದರ ಡ್ರಾಯಿಂಗ್ ವಿಭಾಗದಲ್ಲಿ ಮೂವತ್ತು ವರ್ಷ ನಟ್ಟು ಬೋಲ್ಟುಗಳ ನಕಾಶೆ ತೆಗೆದು ನಿವೃತ್ತನಾದ ಮೇಲೆ, ವಾಕಡದ ನಮ್ಮ ಫ್ಲ್ಯಾಟಿನ ಬಾಲ್ಕನಿಯಲ್ಲಿ ಕೂತು ನಾನೊಂದು ದೊಡ್ಡ ಕಾದಂಬರಿ ಬರೆಯಲು ಹೊರಟಿದ್ದೆ. ತಲೆಯ ಮೇಲೆ ಕೋಡುಗಳಿರುವ ಅರಸರು, ರೆಕ್ಕೆ ಇರುವ ಬೆಂಕಿಹಾವು, ಹಾರುವ ಕೋಟೆ, ಸಾವಿರ ವರ್ಷದ ಯುದ್ಧ. ಇಂಥ ಕಾದಂಬರಿ ಬರೆಯುವವನು ಮೊದಲು ಆ ಲೋಕದ ಪ್ರಾಚೀನ ಇತಿಹಾಸವನ್ನು ಬರೆದಿಟ್ಟುಕೊಳ್ಳಬೇಕು ಎಂಬುದು ನನ್ನ ಗಟ್ಟಿ ನಂಬಿಕೆ. ನಕಾಶೆ ಇಲ್ಲದೆ ಒಂದು ನಟ್ಟು ಕೂಡ ತಯಾರಾಗುವುದಿಲ್ಲ, ಲೋಕ ತಯಾರಾದೀತೆ? ಹೀಗಾಗಿ ಎರಡು ವರ್ಷದಿಂದ ಬರೀ ಇತಿಹಾಸವನ್ನೇ ಬರೆಯುತ್ತಿದ್ದೆ. ಕತೆಯ ನಾಯಕ ಹುಟ್ಟಲು ಇನ್ನೂ ಹನ್ನೊಂದು ನೂರು ವರ್ಷ ಬಾಕಿ ಇತ್ತು.

ಆ ಅರಸರಿಗೆ ಹೆಸರುಗಳಿರಲಿಲ್ಲ. ಮೊದಮೊದಲು ಇಟ್ಟಿದ್ದೆ. ಆದರೆ ಯಾವ ಹೆಸರು ಇಟ್ಟರೂ ಆ ಹೆಸರಿನವರೊಬ್ಬರು ನಮ್ಮ ಬಳಗದಲ್ಲಿ ಇದ್ದೇ ಇರುತ್ತಿದ್ದರು. ತಮ್ಮನ ತಲೆ ಕಡಿದು ಪಟ್ಟಕ್ಕೆ ಬಂದ ಅರಸನಿಗೆ ನಾನಿಟ್ಟ ಹೆಸರು ಸೊಲ್ಲಾಪುರದ ನಮ್ಮ ಕಾಕಾನದೇ ಎಂದು ಯಾರೋ ಅವರಿಗೆ ಮುಟ್ಟಿಸಿ, ಅವರು ಫೋನಿನಲ್ಲಿ ಅರ್ಧ ಗಂಟೆ ತರಾಟೆಗೆ ತೆಗೆದುಕೊಂಡರು. ಅಂದಿನಿಂದ ಎಲ್ಲರೂ ಬರೀ ಗಿಡ್ಡ ಅರಸ, ಕಿವುಡ ಅರಸ, ಎರಡನೆಯ ಕಿವುಡ ಅರಸ ಎಂದಾದರು.

ಈ ಇತಿಹಾಸಕ್ಕೆ ಜಗತ್ತಿನಲ್ಲಿ ಇದ್ದ ಓದುಗರು ಒಬ್ಬರೇ, ನನ್ನ ಅವ್ವ. ಓದುಗರೂ ಅಲ್ಲ, ಕೇಳುಗರು. ಎಪ್ಪತ್ತೊಂಬತ್ತರ ಅವಳಿಗೆ ಕಣ್ಣು ಮಂಜು, ಕಿವಿ ಚುರುಕು. ದಿನಾ ನಾಲ್ಕು ಗಂಟೆಯ ಚಹಾ ಆದ ಮೇಲೆ ನಾನು ಬರೆದದ್ದನ್ನು ಓದಿ ಹೇಳುತ್ತಿದ್ದೆ, ಅವಳು ಅವರೆಕಾಯಿ ಸುಲಿಯುತ್ತಲೋ ಬತ್ತಿ ಹೊಸೆಯುತ್ತಲೋ ಕೇಳುತ್ತಿದ್ದಳು. ನಾನು ಅವಳು ಬೆರಗಾಗಲಿ ಎಂದು ಓದುತ್ತಿದ್ದೆ. ಅವಳು ತಪ್ಪು ಹಿಡಿಯಲು ಕೇಳುತ್ತಿದ್ದಳು.

ಉದಾಹರಣೆಗೆ, ನನ್ನ ಲೋಕಕ್ಕೆ ಮೂರು ಚಂದ್ರರಿದ್ದರು. ಒಂದು ಬಿಳಿ, ಒಂದು ಕೆಂಪು, ಒಂದು ಹಸಿರು. ಬಹಳ ಹೆಮ್ಮೆಯಿಂದ ಓದಿದ್ದೆ. ಅವ್ವ ಬತ್ತಿ ಹೊಸೆಯುವುದನ್ನು ನಿಲ್ಲಿಸಿ, ಏಕಾದಶಿಯನ್ನು ಯಾವ ಚಂದ್ರನ ಲೆಕ್ಕದಿಂದ ಹಿಡಿಯುತ್ತಾರೆ ಎಂದು ಕೇಳಿದಳು. ಮೂರಕ್ಕೂ ಬೇರೆ ಬೇರೆ ಹಿಡಿದರೆ ತಿಂಗಳಿಗೆ ಆರು ಉಪವಾಸ, ಮೇಲೆ ಮೂರು ಸಂಕಷ್ಟಿ, ಇನ್ನು ಆ ಜನ ಊಟ ಮಾಡುವುದು ಯಾವಾಗ, ಯುದ್ಧ ಮಾಡುವ ಕಸುವು ಎಲ್ಲಿಂದ ಬರಬೇಕು ಎಂದಳು. ಅವರಿಗೆ ಏಕಾದಶಿ ಇಲ್ಲ ಎಂದು ರೇಗಿದೆ. ಚಂದ್ರ ಇದ್ದ ಮೇಲೆ ಏಕಾದಶಿ ಹೇಗೆ ಇಲ್ಲದೆ ಹೋಗುತ್ತದೆ ಎಂದು ಅವಳು ತಣ್ಣಗೆ ಕೇಳಿದಳು. ನಾಲ್ಕು ದಿನ ವಾದ ಮಾಡಿ ಸೋತು, ಪ್ರಾಚೀನ ಕಾಲದ ಒಂದು ಮಹಾಯುದ್ಧದಲ್ಲಿ ಎರಡು ಚಂದ್ರರನ್ನು ಕೆಡವಿದೆ. ಹಾಗೆ ನೋಡಿದರೆ ಆ ಯುದ್ಧ ನನ್ನ ಇತಿಹಾಸದ ಅತ್ಯಂತ ಚೆಂದದ ಅಧ್ಯಾಯವಾಯಿತು, ಆದರೆ ಅದನ್ನು ಅವಳ ಮುಂದೆ ಒಪ್ಪಿಕೊಳ್ಳಲಿಲ್ಲ.

ಅವಳ ಈ ತಪ್ಪು ಹಿಡಿಯುವ ಗುಣಕ್ಕೆ ಕಾರಣವಿತ್ತು. ನಲವತ್ತು ವರ್ಷ, ಪುಣೆಯಲ್ಲಿರುವ ನಮ್ಮ ಕಡೆಯ ಕನ್ನಡ ಮನೆಗಳಲ್ಲಿ ಗಂಡು ಹೆಣ್ಣು ಕೂಡಿಸುವ ಮಾತು ಎದ್ದರೆ ಮೊದಲ ಫೋನು ಬರುತ್ತಿದ್ದದ್ದು ಅವ್ವನಿಗೆ. ಯಾರ ಗೋತ್ರ ಯಾವುದು, ಯಾರ ಅಜ್ಜಿಯ ತವರು ಯಾವ ಊರು, ಎಲ್ಲ ಅವಳ ನಾಲಿಗೆಯ ತುದಿಯಲ್ಲಿತ್ತು. ಈಗ ಹುಡುಗರು ಮೊಬೈಲಿನಲ್ಲೇ ಒಬ್ಬರನ್ನೊಬ್ಬರು ಹುಡುಕಿಕೊಳ್ಳುತ್ತಾರೆ, ಫೋನು ನಿಂತಿತ್ತು. ಹೀಗಾಗಿ ಅವಳು ನನ್ನ ಕೋಡಿನ ಅರಸರ ಮೇಲೆ ಕಣ್ಣಿಟ್ಟಿದ್ದಳು. ಹಳೆಯ ಕ್ಯಾಲೆಂಡರಿನ ಹಾಳೆಗಳ ಬೆನ್ನಿಗೆ ದಪ್ಪ ಅಕ್ಷರದಲ್ಲಿ ಅವರ ವಂಶಾವಳಿ ಬರೆಯಿಸಿ ಇಟ್ಟುಕೊಂಡಿದ್ದಳು. ಬರೆದುಕೊಟ್ಟವಳು ನನ್ನ ಮಗಳೇ.

ಮಗಳು ವಾಕಡದಲ್ಲೇ ಫಿಜಿಯೋಥೆರಪಿ ಮಾಡುತ್ತಾಳೆ. ಆ ಹುಡುಗ ಪಿಂಪ್ರಿಯ ಕಾಲೇಜಿನಲ್ಲಿ ಗಣಿತ ಕಲಿಸುವವನು. ಲೋಣಾವಳಾದ ಮಳೆಯಲ್ಲಿ ಜಾರಿ ಬಿದ್ದು ಕಾಲು ಮುರಿದುಕೊಂಡು ಇವಳ ಹತ್ತಿರ ಬಂದ. ಕಾಲು ಸರಿಯಾದ ಮೇಲೂ ಬರುತ್ತಿದ್ದ. ನಮ್ಮ ಭಾಷೆಯ ಹುಡುಗ, ನಮ್ಮ ಕಡೆಯ ಮನೆತನ, ಎಲ್ಲ ಸರಿಯಿತ್ತು. ಅವರ ಮನೆಯ ಸತ್ಯನಾರಾಯಣ ಪೂಜೆಗೆ ಇವಳು ಹೋಗಿದ್ದಾಗ, ಸಂಕಲ್ಪಕ್ಕೆ ಕೂತ ಅವನು ಭಟ್ಟರಿಗೆ ತನ್ನ ಗೋತ್ರ ಹೇಳಿದ. ಇವಳ ಕೈಯಲ್ಲಿದ್ದ ಪ್ರಸಾದ ಹಾಗೇ ಉಳಿಯಿತಂತೆ.

ಒಂದೇ ಗೋತ್ರದವರು ಅಣ್ಣ ತಂಗಿ ಇದ್ದ ಹಾಗೆ, ಮದುವೆ ಕೂಡದು. ಈ ಕಾಲದಲ್ಲಿ ಅದನ್ನು ಯಾರು ಕೇಳುತ್ತಾರೆ ಎಂದು ನೀವು ಹೇಳಬಹುದು. ಹುಡುಗನ ಮನೆಯವರೂ ಹಾಗೇ ಹೇಳಿದರು, ಜೊತೆಗೆ ನಿಮ್ಮ ತಾಯಿಯವರು ಹೂಂ ಅಂದರೆ ನಮ್ಮದೇನೂ ಇಲ್ಲ ಎಂದು ಸೇರಿಸಿದರು. ಅವರಿಗೂ ಅವ್ವನ ವಿಷಯ ಗೊತ್ತಿತ್ತು. ಹಿಂದೆ ಒಂದು ಮದುವೆಯ ಊಟದಲ್ಲಿ, ಗಂಡು ಹೆಣ್ಣು ಒಂದೇ ಗೋತ್ರದವರು ಎಂದು ಪಕ್ಕದ ಎಲೆಯವರಿಂದ ತಿಳಿದು, ಅವ್ವ ಅರ್ಧ ತಿಂದ ಹೋಳಿಗೆಯನ್ನು ಎಲೆಯ ಮೇಲೆ ಬಿಟ್ಟು ಎದ್ದು ಬಂದಿದ್ದಳು. ಹೋಳಿಗೆಗೆ ತುಪ್ಪ ಬಡಿಸಿ ಆಗಿತ್ತು. ಆ ತುಪ್ಪದ ಮಾತನ್ನು ಜನ ಇವತ್ತಿಗೂ ಆಡುತ್ತಾರೆ.

ಮಗಳು ತನ್ನ ಅಜ್ಜಿಯ ಕೈಯಲ್ಲಿ ಬೆಳೆದವಳು. ಅಜ್ಜಿ ಎದ್ದು ಹೋಗುವ ಮಂಟಪದಲ್ಲಿ ನಾನು ಕೂಡುವುದಿಲ್ಲ ಎಂದಳು. ಅವನನ್ನು ಬಿಟ್ಟು ಇನ್ನೊಬ್ಬನ ಪಕ್ಕವೂ ಕೂಡುವುದಿಲ್ಲ ಎಂದಳು. ಹೇಳಿ, ಅಪ್ಪಾ ನೀ ಮಾತಾಡು ಎಂದು ನನ್ನ ತಲೆಗೆ ಕಟ್ಟಿದಳು. ಹೆಂಡತಿಯೂ ಕೈ ತೊಳೆದುಕೊಂಡಳು. ನಾನು ಕಾರ್ಖಾನೆಯಲ್ಲಿ ಜನರಲ್ ಮ್ಯಾನೇಜರನ ಮುಖಕ್ಕೆ ನಕಾಶೆ ಬಿಸಾಕಿ ಬಂದವನು. ಆದರೆ ಅವ್ವನ ಮುಂದೆ ಬಾಯಿ ತೆರೆದಾಗಲೆಲ್ಲ ಇನ್ನೊಂದು ಕಪ್ ಚಹಾ ಬೇಕೇನು ಎಂಬ ಮಾತೇ ಹೊರಬರುತ್ತಿತ್ತು.

ಆಗ ಹೊಳೆದದ್ದು ಇತಿಹಾಸದ ದಾರಿ. ಮೊದಲು ಅರಸರ ಮನೆಯಲ್ಲಿ ಇಂಥದೊಂದು ಮದುವೆ ಮಾಡಿಸಿ ನೋಡೋಣ. ಕೋಡಿನವರ ವಿಷಯದಲ್ಲಿ ಅವಳು ಒಮ್ಮೆ ಇರಲಿ ಬಿಡು ಎಂದರೆ, ಆಮೇಲೆ ನಮ್ಮ ವಿಷಯ ತೆಗೆದರಾಯಿತು. ಇದನ್ನು ಹೆಂಡತಿಗೆ ಹೇಳಿದೆ. ಅವಳು "ನಿಮಗ ಹುಚ್ಚು ಹಿಡದದ ರೀ" ಎಂದು ಒಳಗೆ ಹೋದಳು.

ನಾನು ಎಚ್ಚರಿಕೆಯಿಂದ ಕೆಲಸ ಮಾಡಿದೆ. ಸೃಷ್ಟಿಯ ಆದಿಯಲ್ಲಿ ಒಬ್ಬ ಉದ್ದಗಡ್ಡದ ಋಷಿ. ಅವನಿಗೆ ಇಬ್ಬರು ಮಕ್ಕಳು. ಒಬ್ಬನ ಸಂತಾನ ಬೆಟ್ಟದ ಮೇಲೆ ಉಳಿದು ಕೋಡಿನ ಅರಸರಾದರು, ಇನ್ನೊಬ್ಬನ ಸಂತಾನ ಸಮುದ್ರ ದಾಟಿ ಆಚೆ ದಡದ ಅರಸರಾದರು. ನಲವತ್ತು ತಲೆಮಾರು ಕಳೆದ ಮೇಲೆ ಬೆಟ್ಟದ ಕುಮಾರ ಸಮುದ್ರದ ಕುಮಾರಿಯನ್ನು ಮದುವೆಯಾಗುತ್ತಾನೆ. ಸಂಬಂಧ ಇನ್ನಷ್ಟು ಮಸುಕಾಗಲಿ ಎಂದು ನಡುವೆ ಒಂದು ಪ್ರಳಯವನ್ನೂ ಇಟ್ಟೆ. ಋಷಿಯ ಮಾತನ್ನು ಒಂದು ದಿನ ಓದಿ, ಮದುವೆಯ ಮಾತನ್ನು ಮೂರು ವಾರ ಬಿಟ್ಟು ಓದಿದೆ.

ಅವ್ವ ಮದುವೆಯ ವರ್ಣನೆಯನ್ನು ಸಂತೋಷದಿಂದ ಕೇಳಿದಳು. ಕೋಡು ಇರುವುದರಿಂದ ಬಾಸಿಂಗ ಕಟ್ಟಲು ಅನುಕೂಲ, ಜಾರುವುದಿಲ್ಲ ಎಂದಳು. ನನಗೆ ಗೆದ್ದೆ ಅನ್ನಿಸಿತು. ಆಮೇಲೆ ಅವಳು ಕ್ಯಾಲೆಂಡರಿನ ಹಾಳೆ ತರಿಸಿ, ಕಣ್ಣಿಗೆ ಹತ್ತಿರ ಹಿಡಿದು, ಬೆರಳಿಟ್ಟು ಕೆಳಗಿನಿಂದ ಮೇಲಕ್ಕೆ ಹೋದಳು. ಒಂದು ಕೈಯ ಬೆರಳು ಬೆಟ್ಟದ ಕಡೆಯಿಂದ ಹತ್ತಿತು, ಇನ್ನೊಂದು ಕೈಯ ಬೆರಳು ಸಮುದ್ರದ ಕಡೆಯಿಂದ. ಎರಡೂ ಉದ್ದಗಡ್ಡದ ಋಷಿಯ ಮೇಲೆ ಬಂದು ಕೂಡಿದವು.

"ಈ ಮದವಿ ನಡಿಯಂಗಿಲ್ಲ" ಎಂದಳು.

ನಾನು ನಲವತ್ತು ತಲೆಮಾರು ಎಂದೆ, ನಡುವೆ ಸಮುದ್ರ ಎಂದೆ, ಪ್ರಳಯ ಎಂದೆ.

"ಪ್ರಳಯದಾಗ ಊರು ಹೋಗ್ತದ. ಗೋತ್ರ ಹೋಗಂಗಿಲ್ಲ."

ನನಗೆ ಸಿಟ್ಟು ನೆತ್ತಿಗೇರಿತು. ಇವರು ಮನುಷ್ಯರೇ ಅಲ್ಲ, ತಲೆಯ ಮೇಲೆ ಒಂದು ಮೊಳದ ಕೋಡಿದೆ, ಇವರಿಗೆಂಥ ಗೋತ್ರ ಎಂದು ಕೂಗಾಡಿದೆ. ಕೋಡಿದ್ದವರಿಗೆ ಗೋತ್ರ ಇರಬಾರದು ಎಂದು ಎಲ್ಲಿ ಬರೆದಿದೆ ಎಂದು ಅವಳು ಕೇಳಿದಳು. ಎಲ್ಲಿಯೂ ಬರೆದಿರಲಿಲ್ಲ. ಋಷಿಯನ್ನು ಹುಟ್ಟಿಸಿದವನು ನಾನೇ ಎಂಬುದನ್ನೂ ನೆನಪಿಸಿದಳು. ಅಂಥ ಮದುವೆಯಿಂದ ಹುಟ್ಟಿದ ಮುಂದಿನ ಎಪ್ಪತ್ತು ತಲೆಮಾರಿನ ಕತೆ ತನಗೆ ಬೇಡ ಎಂದು ಹಾಳೆ ಮಡಚಿ ಹಾಸಿಗೆಯ ಕೆಳಗೆ ತುರುಕಿದಳು. ಒಳಗಿನಿಂದ ಹೆಂಡತಿ ನನ್ನನ್ನು ನೋಡಿದ ನೋಟವನ್ನು ಬರೆಯುವುದಿಲ್ಲ. ಮಗಳು ಆ ಸಂಜೆ ಊಟ ಬೇಡವೆಂದಳು. ಒಂದು ಮಾತು ಆಡಲಾರದೆ ಎಲ್ಲ ಕೆಡಿಸಿಬಿಟ್ಟೆ ಅನ್ನಿಸಿ ನನಗೂ ಅನ್ನ ಸೇರಲಿಲ್ಲ.

ಮೂರು ದಿನ ಓದು ಬಂದ್. ಚಹಾದ ಹೊತ್ತಿಗೆ ಅವ್ವ ಟಿವಿಯಲ್ಲಿ ಮರಾಠಿ ಧಾರಾವಾಹಿ ಹಾಕಿಕೊಂಡು ನನ್ನ ಕಡೆ ಬೆನ್ನು ಮಾಡಿ ಕೂತಳು. ನಾಲ್ಕನೆಯ ದಿನ ಟಿವಿ ಬಂದ್ ಮಾಡಿ ನನ್ನನ್ನು ಕರೆದಳು.

"ಆ ಹುಡುಗಿ ಈಗ ಎಲ್ಲಿದ್ದಾಳ?"

ಮಗಳ ವಿಷಯ ತಿಳಿದೇಬಿಟ್ಟಿತೇ ಎಂದುಕೊಂಡು, ಯಾವ ಹುಡುಗಿ ಎಂದು ಕೇಳಿದೆ. ಸಮುದ್ರದ ಕುಮಾರಿಯಂತೆ. ಮಂಟಪದ ಬಾಗಿಲಲ್ಲಿ ನಿಂತಿದ್ದಾಳೆ ಎಂದೆ. ಮೂರು ದಿನದಿಂದ ನಿಂತಿದ್ದಾಳಲ್ಲ ಪಾಪ ಎಂದು ಅವ್ವ ನಿಟ್ಟುಸಿರು ಬಿಟ್ಟಳು. ಅವಳು ಆ ಮೂರು ದಿನ ಧಾರಾವಾಹಿ ನೋಡಿರಲಿಲ್ಲ, ಯೋಚನೆ ಮಾಡಿದ್ದಳು. ಎಪ್ಪತ್ತು ತಲೆಮಾರಿನ ಜನರನ್ನು ಹಾಗೆ ನಡುನೀರಿನಲ್ಲಿ ಬಿಡಲು ಅವಳ ಮನಸ್ಸು ಒಪ್ಪಿರಲಿಲ್ಲ. ಒಂದು ದಾರಿ ಇದೆ ಎಂದಳು. ಹುಡುಗಿಯನ್ನು ಮದುವೆಗೆ ಮೊದಲು ಬೇರೆ ಗೋತ್ರದ ಗಂಡ ಹೆಂಡತಿಗೆ ದತ್ತಕ ಕೊಡಬೇಕು. ಆಗ ಅವಳ ಗೋತ್ರ ಬದಲಾಗುತ್ತದೆ. ಅವರೇ ಧಾರೆ ಎರೆದು ಕೊಡುತ್ತಾರೆ, ಯಾರೂ ಬೆರಳು ತೋರಿಸುವ ಹಾಗಿಲ್ಲ. ಹಿಂದಿನವರೂ ಹೀಗೆ ಮಾಡಿದ್ದುಂಟು ಎಂದಳು.

ನನ್ನ ಲೋಕದಲ್ಲಿ ಎಲ್ಲರೂ ಉದ್ದಗಡ್ಡದ ಋಷಿಯ ಸಂತಾನವೇ, ಬೇರೆ ಗೋತ್ರ ಎಲ್ಲಿಂದ ತರಲಿ ಎಂದು ಕೇಳಿದೆ. ಅವ್ವ ಹಾಳೆಯ ಮೂಲೆಯಲ್ಲಿ ಒಂಟಿಯಾಗಿದ್ದ ಬೆಂಕಿಹಾವಿನ ಮೇಲೆ ಬೆರಳಿಟ್ಟಳು. ಅದು ನನ್ನ ಕಾದಂಬರಿಯ ಖಳನಾಯಕ. ಮೂರು ಸಾವಿರ ವರ್ಷ ಬದುಕಿ, ಬೆಟ್ಟದ ಊರನ್ನು ಸುಟ್ಟು ಬೂದಿ ಮಾಡಬೇಕಾದ ಪ್ರಾಣಿ. ಇದರ ಗೋತ್ರ ಯಾವುದು ಎಂದಳು. ಗೊತ್ತಿಲ್ಲ ಎಂದೆ. ಗೋತ್ರ ಗೊತ್ತಿಲ್ಲದವರದೆಲ್ಲ ಕಾಶ್ಯಪ ಗೋತ್ರ ಎಂದು ಅವಳು ಅಲ್ಲೇ ಇತ್ಯರ್ಥ ಮಾಡಿದಳು. ಬೆಂಕಿಹಾವು ಕಾಶ್ಯಪ ಗೋತ್ರದ್ದಾಯಿತು.

ಆದರೆ ಧಾರೆ ಎರೆಯಲು ದಂಪತಿ ಬೇಕು. ಅದಕ್ಕೆ ಹೆಂಡತಿ ಇದೆಯೋ ಇಲ್ಲವೋ ಎಂದು ಕೇಳಿದಳು. ಅದು ಜಗತ್ತಿನಲ್ಲಿ ಉಳಿದ ಕಟ್ಟಕಡೆಯ ಬೆಂಕಿಹಾವು, ಅದರ ಒಂಟಿತನದ ಮೇಲೆ ನಾನು ಹದಿನಾಲ್ಕು ಪುಟ ಬರೆದಿದ್ದೆ, ಕೆಲವು ಕಡೆ ನನಗೇ ಕಣ್ಣೀರು ಬಂದಿತ್ತು. ಆ ಹದಿನಾಲ್ಕು ಪುಟ ಹರಿದು ಹಾಕಿ ಅದಕ್ಕೊಂದು ಹೆಂಡತಿಯನ್ನು ತಂದೆ. ಇಷ್ಟಾದ ಮೇಲೆ ಯುದ್ಧವೂ ಹೋಯಿತು. ಮಗಳನ್ನು ಕೊಟ್ಟ ಮನೆಗೆ ಯಾರಾದರೂ ಬೆಂಕಿ ಹಚ್ಚುತ್ತಾರೆಯೇ? ಸಾವಿರ ವರ್ಷ ಉರಿಯಬೇಕಾಗಿದ್ದ ಬೆಟ್ಟದ ಊರಿಗೆ ಬೆಂಕಿಹಾವು ವರ್ಷಕ್ಕೆರಡು ಸಲ ಹಬ್ಬಕ್ಕೆ ಬಂದು, ಅಳಿಯನಿಂದ ಧೋತರ ಉಡುಗೊರೆ ಪಡೆದು ಹೋಗತೊಡಗಿತು. ಹೆಡೆಯಿಂದ ಬಾಲದ ತನಕ ಅಳೆದರೆ ಧೋತರ ಎಷ್ಟು ಗಜ ಬೇಕು ಎಂದು ನಾನೂ ಅವ್ವನೂ ಒಂದು ಸಂಜೆ ಚರ್ಚೆ ಮಾಡಿದೆವು.

ಆ ವಾರ ನಾನು ಎರಡು ಪುಟ ಮಜವಾಗಿ ಬರೆದೆ. ಹುಡುಗಿಯ ಹೆತ್ತ ಅಪ್ಪ, ಸಮುದ್ರದ ಅರಸ, ದತ್ತಕ ಕೊಟ್ಟು ಮುಗಿಸಿ ತನ್ನ ಮಗಳ ಮದುವೆಗೆ ತಾನೇ ಅತಿಥಿಯಾಗಿ ಬರುತ್ತಾನೆ. ಮಂಟಪದಲ್ಲಿ ಬೆಂಕಿಹಾವು ಪಂಚಪಾತ್ರೆ ಹಿಡಿದು ತಿಣುಕಾಡುತ್ತಿದ್ದರೆ ಇವನು ಆರಾಮಾಗಿ ಹಿಂದೆ ಕೂತು ಬುಂದಿ ಲಾಡು ತಿನ್ನುತ್ತಾನೆ. ಓದುತ್ತಾ ನಾನೇ ಹೊಟ್ಟೆ ಹಿಡಿದುಕೊಂಡು ನಕ್ಕೆ. ಅವ್ವ ನಗಲಿಲ್ಲ.

ಕತೆಯಲ್ಲಿ ಮದುವೆ ಸಾಂಗವಾಗಿ ಮುಗಿದ ದಿನ ಅವಳು ಬಹಳ ಖುಷಿಯಲ್ಲಿದ್ದಳು. ಎಷ್ಟೋ ವರ್ಷಗಳ ಮೇಲೆ ಒಂದು ಸಂಬಂಧ ಕೂಡಿಸಿದ್ದಳು. ಅದೇ ಹೊತ್ತು ಎಂದು ನಾನು ಕಣ್ಣು ಮುಚ್ಚಿ ಹೇಳಿಬಿಟ್ಟೆ. ಹುಡುಗ, ಮುರಿದ ಕಾಲು, ಸತ್ಯನಾರಾಯಣ ಪೂಜೆ, ಗೋತ್ರ, ಎಲ್ಲ.

ಅವ್ವ ಹುಡುಗನ ಅಜ್ಜನ ಊರು ಕೇಳಿದಳು, ಹೇಳಿದೆ. ಅಜ್ಜಿಯ ತವರು ಕೇಳಿದಳು, ಗೊತ್ತಿಲ್ಲ ಎಂದೆ. ಅವಳಿಗೆ ಗೊತ್ತಿತ್ತು. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತ್ತು, ಅಂದರೆ ಹೆಂಡತಿ ಬಾಗಿಲ ಹಿಂದೆ ಇದ್ದಳು.

"ಇದಕ್ಕೇ ನನಗ ಆ ಕತಿ ಓದಿ ಹೇಳಿದೇನು?"

ಹೂಂ ಎಂದೆ.

"ಹಂಗಾದ್ರ ಆ ಅರಸರೆಲ್ಲಾ ಸುಳ್ಳೇನು?"

ಅವಳಿಗೆ ಹೆಚ್ಚು ನೋವಾದದ್ದು ಅದಕ್ಕೇ ಎಂದು ಆಗ ತಿಳಿಯಿತು. ನನಗೆ ನಾಚಿಕೆಯಾಯಿತು. ಅರಸರು ಸುಳ್ಳಲ್ಲ, ಎರಡು ವರ್ಷದಿಂದ ಇದ್ದಾರೆ, ಈ ಒಂದು ಮದುವೆಯನ್ನು ಮಾತ್ರ ಹೆದರಿ ಸೇರಿಸಿದೆ ಎಂದೆ. ಅವಳು ಕ್ಯಾಲೆಂಡರಿನ ಹಾಳೆಯನ್ನು ತೊಡೆಯ ಮೇಲಿಟ್ಟು ಸವರಿದಳು. ಆಮೇಲೆ, ಅವರಿಗೆ ಒಂದು ದಾರಿ ತೋರಿಸಿ ನಮ್ಮ ಹುಡುಗಿಗೆ ಇಲ್ಲ ಎಂದರೆ ಅದು ನ್ಯಾಯವಲ್ಲ ಎಂದಳು. ಹೆಂಡತಿ ಬಾಗಿಲ ಹಿಂದಿನಿಂದ ಸಕ್ಕರೆ ಡಬ್ಬಿ ಸಮೇತ ಬಂದು ಅವಳ ಕಾಲಿಗೆ ಬಿದ್ದಳು. ನಾನು ಮಗಳಿಗೆ ಫೋನು ಮಾಡಲು ಎದ್ದೆ.

"ತಡಿ. ಧಾರಿ ನೀ ಎರಿಯಂಗಿಲ್ಲ."

ನಿಂತೆ.

"ದತ್ತಕ ಕೊಟ್ಟ ಮ್ಯಾಲೆ ಆಕಿ ನಿನ್ನ ಮಗಳಲ್ಲ. ಮಂಟಪದಾಗ ನಿನಗ ಜಾಗಾ ಇಲ್ಲ. ನೀನ ಬರದೀಯಲ್ಲ, ಲಾಡು ತಿನಕೋತ ಹಿಂದ ಕೂಡೋದು."

ಎರಡು ತಿಂಗಳು ನಾನು ಆ ದಾರಿಯ ಉದ್ದಕ್ಕೂ ನಡೆದಿದ್ದೆ, ಬೆಂಕಿಹಾವಿಗೆ ಹೆಂಡತಿ ತಂದಿದ್ದೆ, ಧೋತರ ಅಳೆದಿದ್ದೆ. ಆ ಹೆತ್ತ ಅಪ್ಪನ ಜಾಗದಲ್ಲಿ ನಾನೇ ಇದ್ದೇನೆ ಎಂಬುದು ಒಂದು ಸಲವೂ ಹೊಳೆದಿರಲಿಲ್ಲ. ಇಷ್ಟು ದಡ್ಡನನ್ನು ಮೂವತ್ತು ವರ್ಷ ಕೆಲಸಕ್ಕೆ ಇಟ್ಟುಕೊಂಡ ಕಾರ್ಖಾನೆಯ ಬಗ್ಗೆ ನನಗೆ ಮರುಕ ಹುಟ್ಟಿತು.

ದತ್ತಕ ತೆಗೆದುಕೊಳ್ಳುವವರು ಯಾರು ಎಂಬುದಕ್ಕೂ ಅವ್ವ ತಡ ಮಾಡಲಿಲ್ಲ. ಹುಡುಗಿಯ ಸೋದರಮಾವ, ಅಂದರೆ ನನ್ನ ಹೆಂಡತಿಯ ತಮ್ಮ. ಗೋತ್ರ ಬೇರೆ, ಹೆಂಡತಿ ಇದ್ದಾಳೆ, ಇಬ್ಬರು ಗಂಡುಮಕ್ಕಳು, ಹೆಣ್ಣಿಲ್ಲ. ಪಿಂಪ್ರಿಯಲ್ಲಿ ಸ್ಕೂಟರಿನ ಬಿಡಿಭಾಗಗಳ ಅಂಗಡಿ ಇಟ್ಟ ಈ ಮನುಷ್ಯನ ದನಿ ಎಷ್ಟು ದೊಡ್ಡದೆಂದರೆ ಅವನಿಗೆ ಫೋನಿನ ಅಗತ್ಯವೇ ಇಲ್ಲ. ಸುದ್ದಿ ತಿಳಿದ ಅರ್ಧ ಗಂಟೆಯಲ್ಲಿ ಪೇಢೆ ತೆಗೆದುಕೊಂಡು ಬಂದ. ಬಂದವನೇ ನನ್ನ ಸೋಫಾದ ಮೇಲೆ ನನ್ನ ಜಾಗದಲ್ಲಿ ಕೂತು, "ನನ್ನ ಮಗಳ ಮದವ್ಯಾಗ ಯಾವ ಕೊರತೀನೂ ಆಗಬಾರದು ನೋಡ್ರಿ ಭಾವಾ" ಎಂದು ನನಗೇ ತಾಕೀತು ಮಾಡಿದ. ಮುಂದೆ ಎರಡು ತಿಂಗಳು ಅವನು ಪೇಟದ ಬಣ್ಣ ಆರಿಸಿದ, ಸಾರಿನ ರುಚಿ ನೋಡಿದ, ಬೀಗರ ಜೊತೆ ಮಾತಾಡಿದ. ಒಂದು ದಿನವಂತೂ ಲಗ್ನಪತ್ರಿಕೆಯಲ್ಲಿ ನನ್ನ ಹೆಸರನ್ನು ಎಲ್ಲಿ ಹಾಕಿಸೋಣ ಎಂದು ನನ್ನನ್ನೇ ಕೇಳಿದ. ನಾನು ಸಿಟ್ಟಿನಲ್ಲಿ ಬಾಲ್ಕನಿಗೆ ಹೋಗಿ ಬೆಂಕಿಹಾವಿಗೆ ವಾತರೋಗ ಬರಿಸಿದೆ.

ಮದುವೆ ಚಿಂಚವಾಡದ ಒಂದು ಮಂಗಲ ಕಾರ್ಯಾಲಯದಲ್ಲಿ ಆಯಿತು. ಬೆಳಿಗ್ಗೆ ಭಟ್ಟರು ಮಗಳ ಕೈಯನ್ನು ನನ್ನ ಕೈಯಿಂದ ತೆಗೆಸಿ ಅವಳ ಸೋದರಮಾವನ ಕೈಗೆ ಕೊಡಿಸಿದರು. ಎರಡು ನಿಮಿಷದ ಕೆಲಸ. ಅಷ್ಟಾದ ಮೇಲೆ, ಇನ್ನು ನೀವು ಕೆಳಗೆ ಇಳಿಯಿರಿ ಎಂದರು. ಇಳಿದೆ. ಮುಂದಿನ ಎರಡು ಸಾಲು ಬೀಗರಿಗೆ ಮೀಸಲಾಗಿತ್ತು, ಮೂರನೆಯ ಸಾಲಿನಲ್ಲಿ ಅವ್ವನ ಪಕ್ಕ ಕೂತೆ. ಅವ್ವ ಎದ್ದು ಹೋಗಲಿಲ್ಲ. ಸೆರಗು ಹೊದ್ದು, ಕುತ್ತಿಗೆ ಉದ್ದ ಮಾಡಿ, ಭಟ್ಟರು ಗೋತ್ರವನ್ನು ಸರಿಯಾಗಿ ಹೇಳುತ್ತಾರೋ ಇಲ್ಲವೋ ಎಂದು ಕಿವಿಗೊಟ್ಟು ಕೂತಿದ್ದಳು. ಭಟ್ಟರು ಹೆಂಡತಿಯ ತಮ್ಮನ ಗೋತ್ರ ಹೇಳಿ, ಅವನ ಅಜ್ಜನ ಮರಿಮಗಳು, ಅವನ ಅಪ್ಪನ ಮೊಮ್ಮಗಳು, ಅವನ ಮಗಳು ಎಂದು ನನ್ನ ಮಗಳನ್ನು ಕರೆದಾಗ ನನಗೆ ಸಹಿಸಲಾರದಷ್ಟು ಸಂಕಟವಾಯಿತು. ಆ ದೊಡ್ಡ ದನಿಯ ಮನುಷ್ಯ ಒಂದು ಮಾತೂ ಆಡದೆ ನೀರು ಬಿಡುತ್ತಿದ್ದ. ಅರ್ಧ ನೀರು ನೆಲಕ್ಕೆ ಬಿತ್ತು.

ಆಗ ಮಗಳು ತಲೆ ಎತ್ತಿದಳು. ಮೊದಲ ಸಾಲು ನೋಡಿದಳು, ಎರಡನೆಯ ಸಾಲು ನೋಡಿದಳು, ಎಲ್ಲೂ ನಾನು ಕಾಣಲಿಲ್ಲ. ನನಗೆ ಏನು ಮಾಡಬೇಕೋ ತಿಳಿಯದೆ, ಎದ್ದು ನಿಂತು, ಶಾಲೆಯಲ್ಲಿ ಹಾಜರಿ ಕೂಗಿದಾಗ ಎತ್ತುವ ಹಾಗೆ ಕೈ ಎತ್ತಿದೆ. ಅವಳು ನೋಡಿದಳು. ನೀರು ಬಿಟ್ಟು ಮುಗಿಯುವ ತನಕ ನಾನು ಕೈ ಇಳಿಸಲಿಲ್ಲ. ಧಾರೆಯ ಫೋಟೋ ಈಗ ನಮ್ಮ ಗೋಡೆಯ ಮೇಲಿದೆ. ಮುಂದೆ ನಾಲ್ಕು ಜನ ಕೈ ಕೂಡಿಸಿ ನಿಂತಿದ್ದಾರೆ, ಅವರ ಹಿಂದೆ ದೂರದಲ್ಲಿ ಒಬ್ಬ ಮುದುಕ ಏನೋ ಪ್ರಶ್ನೆ ಕೇಳಲು ಕೈ ಎತ್ತಿದ್ದಾನೆ.